ಬಾದಾಮಿ ಸೀಮೆಯೂ ವಿಡಂಬನ ವಾಙ್ಮಯವೂ

ಹುನಗುಂದ ತಾಲೂಕಿನ ಐಹೊಳೆಯಲ್ಲಿ ಮೇಗುತಿಯ ಗುಡ್ಡವನ್ನೇರಿದವರಿಗೆ ಅಲ್ಲಿಯ ಜಿನಾಲಯದ ಗೋಡೆಯಲ್ಲಿ ಒಂದು ದೀರ್ಘವಾದ ಸಂಸ್ಕೃತ ಶಾಸನವು ಕಾಣುವದು. ಶಾಲಿವಾಹನ ಶಕ 556ರಲ್ಲಿ, ಎಂದರೆ ಕ್ರಿ.ಶ. 634ರ ಸುಮಾರಿಗೆ, ರವಿಕೀರ್ತಿಯೆಂಬ ಕವಿಯು ಬಾದಾಮಿಯ ಚಾಲುಕ್ಯ ಚಕ್ರವರ್ತಿ ಇಮ್ಮಡಿ ಪುಲಿಕೇಶಿಯ ದಿಗ್ವಿಜಯಗಳನ್ನು ಅದರಲ್ಲಿ ಹಾಡಿ, ತನ್ನ ಕವಿತ್ವವನ್ನು ಕಾಳಿದಾಸ ಭಾರವಿಗಳ ಕೀರ್ತಿಗೆ ಸರಿದೂಗಿಸಿಕೊಂಡಿದ್ದಾನೆ. ಉತ್ತರಾಪಥದ ಹರ್ಷನು ಸೋತ ಸಂಗತಿಯು ಅಲ್ಲಿದೆ. ಚಾಲುಕ್ಯ ಸೇನೆಗೆ ಬೆದರಿ ಪಲ್ಲವರ ಒಡೆಯನು ಕಾಂಚೀಪುರದ ಕೋಟೆಯೊಳಗೆ ಅಡಗಿಕೊಂಡ ಸಂಗತಿಯೂ ಅಲ್ಲಿದೆ.

ಆ ಪಲ್ಲವ ದೊರೆಯ ಹೆಸರನ್ನು ಹೇಳುವದಕ್ಕೂ ರವಿಕೀರ್ತಿಗೆ ಮನಸ್ಸಾಗಲಿಲ್ಲ. ಅವನು ಒಂದನೆಯ ಮಹೇಂದ್ರವರ್ಮನೆಂದು ಇತಿಹಾಸಜ್ಞರು ನಿರ್ಣಯಿಸಿರುವರು. ಬಾದಾಮಿ ಸೀಮೆಯಲ್ಲಿ ಅವನ ನೆನಪು ಉಳಿದಿರುವದು ಸೋತವನೆಂದು ಮಾತ್ರವೇ. ಆದರೆ ಕಾಲದ ವಿಚಿತ್ರವನ್ನು ನೋಡಬೇಕು. ಗೆದ್ದ ಚಕ್ರವರ್ತಿಯ ಪಾಲಿಗೆ ಪರರು ಬರೆದ ಪ್ರಶಸ್ತಿಯು ಬಂದಿತು. ಸೋತ ದೊರೆಯಾದರೋ ತನ್ನ ಕೈಯಿಂದಲೇ ಒಂದು ಪ್ರಹಸನವನ್ನು ಬರೆದಿಟ್ಟು ಹೋದನು. 'ಮತ್ತವಿಲಾಸ'ವೆಂಬ ಈ ಕೃತಿಯು ಇಂದಿಗೆ ದೊರೆತಿರುವ ಸಂಸ್ಕೃತ ಪ್ರಹಸನಗಳಲ್ಲಿ ಅತ್ಯಂತ ಪ್ರಾಚೀನವಾದವುಗಳಲ್ಲೊಂದು. ಟಿ. ಗಣಪತಿಶಾಸ್ತ್ರಿಗಳು 1917ರಲ್ಲಿ ತಿರುವನಂತಪುರದ ಸಂಸ್ಕೃತ ಗ್ರಂಥಾವಳಿಯಲ್ಲಿ ಇದನ್ನು ಮುದ್ರಿಸಿದ ಬಳಿಕ ವಿದ್ವಾಂಸರ ಕಣ್ಣು ಅದರ ಮೇಲೆ ಬಿದ್ದಿತು. ಸಮಾಜದಲ್ಲಿ ಬೇರೂರಿದ ಡಾಂಭಿಕತನವನ್ನು ಕಲ್ಪಿತ ಕಥೆಯು ಹೇಗೆ ಬಯಲಿಗೆಳೆಯುತ್ತದೆಂಬುದನ್ನು ವಿಚಾರಿಸುವವರು ಈ ಶತ್ರುರಾಜನ ಕೃತಿಯಿಂದ ಮೊದಲು ಮಾಡುವದು ಯುಕ್ತವು.

ಕಥೆಯು ಕಾಂಚಿಯ ಬೀದಿಯಲ್ಲಿ ನಡೆಯುತ್ತದೆ. ಸತ್ಯಸೋಮನೆಂಬ ಕಾಪಾಲಿಕನು ತನ್ನ ಸಂಗಾತಿ ದೇವಸೋಮೆಯೊಡನೆ ಕುಡಿದು ತೂರಾಡುತ್ತ ಬರುತ್ತಾನೆ. ಹೆಂಡದಂಗಡಿಯನ್ನು ಕಂಡೊಡನೆ ಅವನಿಗೆ ಅದು ಯಜ್ಞಶಾಲೆಯಾಗಿಯೇ ತೋರುತ್ತದೆ. ಅಂಗಡಿಯ ಗುರುತಿನ ಕಂಬವು ಯೂಪಸ್ತಂಭವಂತೆ, ಮದ್ಯವು ಸೋಮರಸವಂತೆ, ಕುಡುಕರು ಋತ್ವಿಜರಂತೆ, ಅವರ ಹಾಡು ಸಾಮಗಾನವಂತೆ! ಇಷ್ಟರಲ್ಲಿ ಭಿಕ್ಷೆಗೂ ಪಾನಕ್ಕೂ ಒಂದೇ ಆಗಿದ್ದ ಅವನ ಕಪಾಲಪಾತ್ರೆಯು ಕಾಣದಾಗುತ್ತದೆ. ಅದರಲ್ಲಿ ಸುಟ್ಟ ಮಾಂಸವಿದ್ದಿತಾದುದರಿಂದ ಒಂದು ನಾಯಿಯು ಒಯ್ದಿರಬೇಕು, ಇಲ್ಲವೆ ಬೌದ್ಧಭಿಕ್ಷುವು ಒಯ್ದಿರಬೇಕು ಎಂದು ಅವನ ತರ್ಕವು. ಆಗಲೇ ನಾಗಸೇನನೆಂಬ ಭಿಕ್ಷುವು ಅತ್ತ ಬರುತ್ತಾನೆ. ಒಬ್ಬ ಸೆಟ್ಟಿಯ ಮನೆಯಲ್ಲಿ ಮೀನು ಮಾಂಸಗಳ ಮೃಷ್ಟಾನ್ನವನ್ನು ಪಡೆದುಕೊಂಡು ವಿಹಾರಕ್ಕೆ ಮರಳುತ್ತಿರುವ ಅವನ ಮನಸ್ಸಿನಲ್ಲಿ ಒಂದು ಸಂಶಯವು ಹುಟ್ಟಿದೆ. ಒಳ್ಳೆಯ ವಸತಿ, ಮೆತ್ತನೆಯ ಹಾಸಿಗೆ, ಹೊತ್ತಿಗೆ ಸರಿಯಾದ ಊಟ, ತಾಂಬೂಲ ಇವೆಲ್ಲವನ್ನೂ ಭಿಕ್ಷುಗಳಿಗೆ ಅನುಗ್ರಹಿಸಿದ ಕರುಣಾಳುವಾದ ಬುದ್ಧನು ಮದ್ಯವನ್ನೂ ಸ್ತ್ರೀಯರನ್ನೂ ಮಾತ್ರ ಬೇಡವೆಂದಾನೆಯೆ? ಉತ್ಸಾಹವಡಗಿದ ಮುದಿ ಸ್ಥವಿರರು ತರುಣರ ಮೇಲಿನ ಹೊಟ್ಟೆಕಿಚ್ಚಿನಿಂದ ಆ ಭಾಗವನ್ನು ಗ್ರಂಥದಿಂದ ಅಳಿಸಿಹಾಕಿರಬೇಕು. ಅಳಿಯದಿರುವ ಮೂಲಪಾಠವನ್ನು ಎಲ್ಲಿಯಾದರೂ ಹುಡುಕಿ ತೆಗೆಯಬೇಕು! ಪಾಠಾಂತರಗಳನ್ನು ಅರಸುವ ಪಂಡಿತರೆಲ್ಲರೂ ಈ ಸ್ಥಳವನ್ನು ಓದಿ ಸ್ವಲ್ಪ ತಲೆ ತಗ್ಗಿಸತಕ್ಕದ್ದು.

ಇಬ್ಬರೊಳಗೆ ಪಾತ್ರೆಗಾಗಿ ಕಲಹವು ಬೆಳೆಯುತ್ತದೆ. ಪಾಶುಪತನಾದ ಬಭ್ರುಕಲ್ಪನು ಮಧ್ಯಸ್ಥನಾಗಿ ಬಂದು, ತನ್ನಿಂದ ತೀರದ ಜಗಳವನ್ನು ನ್ಯಾಯಸ್ಥಾನಕ್ಕೆ ಒಯ್ಯಿರೆನ್ನುತ್ತಾನೆ. ಆಗ ದೇವಸೋಮೆಯು ಆಡುವ ಮಾತು ಪ್ರಹಸನದ ಮರ್ಮವಾಗಿದೆ: ಹಾಗಾದರೆ ಆ ಕಪಾಲಕ್ಕೆ ಕೈಮುಗಿದು ಬಿಡುವದೇ ಲೇಸು, ಅನೇಕ ವಿಹಾರಗಳ ಹಣವು ಕೂಡಿದ್ದ ಭಿಕ್ಷುವು ಅಧಿಕಾರಿಗಳ ಬಾಯನ್ನು ತುಂಬಬಲ್ಲನು, ಬೂದಿಯೊಂದೇ ಆಸ್ತಿಯಾಗಿರುವ ಕಾಪಾಲಿಕನ ಹೆಂಗಸಿನ ಬಳಿ ಕೊಡುವದಕ್ಕೇನಿದೆ? ಕೊನೆಗೆ ಒಬ್ಬ ಹುಚ್ಚನು ಬರುತ್ತಾನೆ. ನಾಯಿಯ ಬಾಯಿಂದ ಕಸಿದುಕೊಂಡ ಕಪಾಲವು ಅವನ ಕೈಯಲ್ಲಿರುತ್ತದೆ. ಮತಾಚಾರ್ಯರೆಲ್ಲ ಸುಳ್ಳು ವಾದಗಳನ್ನು ಹೂಡಿ ದಣಿದ ಮೇಲೆ ನಿಜವಾದ ವಸ್ತುವು ಹುಚ್ಚನ ಕೈಯಲ್ಲಿ ಸಿಕ್ಕಿತು.

ಇಲ್ಲಿ ಎರಡು ಸಂಗತಿಗಳನ್ನು ಗಮನಿಸತಕ್ಕದ್ದಿದೆ. ಮೊದಲನೆಯದು ನಾಗಸೇನನ ಸ್ವಗತ. ದಂಭವೆಂಬುದು ನೋಡುವವರಿದ್ದರೆ ಮಾತ್ರ ನಡೆಯುವ ವ್ಯಾಪಾರವು. ಡಾಂಭಿಕನ ಉಡುಗೆ ಸರಿಯಾಗಿರುತ್ತದೆ, ಜಪಮಾಲೆ ಸರಿಯಾಗಿರುತ್ತದೆ, ಮಾತು ಸಾಧುವಿನ ಮಾತಿಗಿಂತಲೂ ಸವಿಯಾಗಿರುತ್ತದೆ. ಧರ್ಮಶಾಸ್ತ್ರವು ಅವನನ್ನು 'ಬೈಡಾಲವ್ರತಿಕ', ಎಂದರೆ ಬೆಕ್ಕಿನ ವ್ರತದವನು, ಎಂದು ಹೆಸರಿಟ್ಟು ಕರೆದಿದೆ. ಗೀತೆಯ ಮೂರನೆಯ ಅಧ್ಯಾಯವು 'ಮಿಥ್ಯಾಚಾರ'ನ ಲಕ್ಷಣವನ್ನು ಹೇಳಿದೆ. ಆದರೆ ಲಕ್ಷಣಶ್ಲೋಕದಲ್ಲಿ ತನ್ನ ಮುಖವನ್ನು ಗುರುತಿಸಿಕೊಂಡ ಡಾಂಭಿಕನು ಇದುವರೆಗೆ ಹುಟ್ಟಿಲ್ಲ. ನ್ಯಾಯಾಧೀಶನಿಗೂ ಅವನು ಸಿಕ್ಕುವದಿಲ್ಲ, ಏಕೆಂದರೆ ಸಾಕ್ಷಿಗಳ ಮುಂದೆ ಅವನು ತಪ್ಪನ್ನೇ ಮಾಡುವದಿಲ್ಲ. ಕಥೆಗಾರನೊಬ್ಬನೇ ಅವನ ಕೋಣೆಯ ಬಾಗಿಲನ್ನು ತೆರೆದು, ನೋಡುವವರಿಲ್ಲದಾಗ ಅವನು ತನ್ನೊಡನೆ ತಾನೇ ಆಡಿಕೊಳ್ಳುವ ಮಾತನ್ನು ಕೇಳಿಸಬಲ್ಲನು. ಕಲ್ಪಿತವಾದದ್ದರಿಂದಲೇ ಕಥೆಗೆ ಈ ಅಧಿಕಾರವು ಬಂದಿದೆ.

ಎರಡನೆಯದು ದೇವಸೋಮೆಯ ಮಾತು. ಕಾಂಚಿಯ ನ್ಯಾಯಸ್ಥಾನವು ಯಾರದು? ಮಹೇಂದ್ರವರ್ಮನದೇ. ಲಂಚ ತಿನ್ನುವ ಅಧಿಕಾರಿಗಳು ಯಾರು ನೇಮಿಸಿದವರು? ಅವನೇ. ಕಾಪಾಲಿಕ ಬೌದ್ಧ ಪಾಶುಪತರನ್ನಷ್ಟೇ ನಗೆಗೀಡುಮಾಡಿದ್ದರೆ ಅವನು ಪರರ ಮನೆಯ ಹುಳುಕನ್ನು ಎಣಿಸಿದವನಾಗುತ್ತಿದ್ದನು. ತನ್ನ ಸಿಂಹಾಸನದ ಬುಡದ ಹುಳುಕನ್ನು ಒಬ್ಬ ಕುಡುಕ ಹೆಂಗಸಿನ ಬಾಯಿಂದ ಆಡಿಸಿದನಾದ್ದರಿಂದ ಅವನ ನಗೆಗೆ ಪ್ರಾಮಾಣ್ಯವು ಬಂದಿತು. ಈ ಪ್ರಹಸನವನ್ನು ಉಳಿಸಿಕೊಂಡು ಬಂದವರಾರೆಂಬುದೂ ಇಲ್ಲಿ ವಿಚಾರಾರ್ಹವು. ಕೇರಳದ ದೇವಾಲಯಗಳಲ್ಲಿ ಚಾಕ್ಯಾರರು ತಮ್ಮ ಕೂಡಿಯಾಟ್ಟದ ಸಂಪ್ರದಾಯದಲ್ಲಿ ಮತ್ತವಿಲಾಸವನ್ನು ಹರಕೆಯ ಸೇವೆಯಾಗಿ ಆಡುತ್ತ ಬಂದರು. ಕುಡುಕ ಸನ್ಯಾಸಿಯನ್ನು ಪರಿಹಾಸ ಮಾಡುವ ಆಟವು ದೇವರೆದುರಿಗೆ ನಡೆದರೆ ದೇವರಿಗೆ ಅಪಚಾರವಾಯಿತೆಂದು ಆ ಭಕ್ತರಿಗೆ ತೋರಲಿಲ್ಲ.

ಕ್ರಿ.ಶ. 642ರಲ್ಲಿ ಕಾಲಚಕ್ರವು ತಿರುಗಿತು. ಮಹೇಂದ್ರವರ್ಮನ ಮಗನಾದ ನರಸಿಂಹವರ್ಮನು ಬಾದಾಮಿಯನ್ನು ಹಿಡಿದುಕೊಂಡನು. ಅವನ ಶಾಸನವು ಬಾದಾಮಿಯ ಬಂಡೆಯೊಂದರ ಮೇಲೆ ಮುಕ್ಕಾದ ಅಕ್ಷರಗಳಲ್ಲಿ ಈಗಲೂ ಇದೆ. ಇವನ 'ಮಹಾಮಲ್ಲ'ನೆಂಬ ಬಿರುದಿನಿಂದ ಹೆಸರಾದ ಮಾಮಲ್ಲಪುರದಲ್ಲಿ ಸಮುದ್ರದ ಸಮೀಪದ ದೊಡ್ಡ ಬಂಡೆಯಲ್ಲಿ ತಪಸ್ಸಿನ ದೃಶ್ಯವೊಂದನ್ನು ಕೆತ್ತಿದ್ದಾರೆ. ದೇವತೆಗಳು, ಆನೆಗಳು, ಒಂಟಿಗಾಲಿನಲ್ಲಿ ನಿಂತ ತಪಸ್ವಿ ಇವರೆಲ್ಲರ ನಡುವೆ ಕೆಳಗೊಂದು ಬೆಕ್ಕು ಹಿಂಗಾಲುಗಳ ಮೇಲೆ ನಿಂತು, ಮುಂಗಾಲುಗಳನ್ನು ತಲೆಯ ಮೇಲೆತ್ತಿ, ಆ ತಪಸ್ವಿಯಂತೆಯೇ ತಪಸ್ಸು ಮಾಡುತ್ತಿದೆ. ಅದರ ಕಾಲ ಬಳಿಯಲ್ಲಿ ಇಲಿಗಳು ನಿರ್ಭಯವಾಗಿ ಆಡುತ್ತಿವೆ. ಪವಿತ್ರವಾದ ದೃಶ್ಯದ ಒಳಗೇ ಶಿಲ್ಪಿಯು ಅದರ ಅಣಕವನ್ನೂ ಇಟ್ಟಿರುವನು.

ಈ ಬೆಕ್ಕಿನ ಕಥೆಯು ಮಹಾಭಾರತದ ಉದ್ಯೋಗಪರ್ವದಲ್ಲಿ ಬರುತ್ತದೆ. ಗಂಗಾತೀರದಲ್ಲಿ ತೋಳೆತ್ತಿ ನಿಂತ ಬೆಕ್ಕನ್ನು ಇಲಿಗಳು ನಂಬಿ ಶರಣಾಗುವವು. ವ್ರತದಿಂದ ಬಳಲಿದೆನೆಂದು ಹೇಳಿ ದಿನಾಲು ತನ್ನನ್ನು ನದಿಗೆ ಒಯ್ಯಲು ಅವುಗಳನ್ನೇ ಕರೆದುಕೊಳ್ಳುವ ಬೆಕ್ಕು ಕೊಬ್ಬುತ್ತ ಹೋಗುವದು, ಇಲಿಗಳು ಕಡಮೆಯಾಗುತ್ತ ಹೋಗುವವು. ಕಥೆಯು ಸೊಗಸಾಗಿದೆ. ಆದರೆ ಅದನ್ನು ಹೇಳಿ ಕಳಿಸಿದವನು ದುರ್ಯೋಧನನು; ಉಲೂಕನ ಮುಖಾಂತರ ಧರ್ಮರಾಜನನ್ನು ಆ ಬೆಕ್ಕೆಂದು ಹಳಿಯುವದಕ್ಕೆ! ಪರರ ಭೂಮಿಯನ್ನು ನುಂಗಿ ಕುಳಿತವನ ಬಾಯಲ್ಲಿ ದಂಭದ ವಿಡಂಬನೆ! ವ್ಯಾಸರು ಈ ಸಂದರ್ಭವನ್ನು ಸುಮ್ಮನೆ ಕಲ್ಪಿಸಿರಲಾರರು. ವಿಡಂಬನೆಯ ಅಲಗು ಹರಿತವಾಗಿದ್ದರೆ ಸಾಲದು, ಹಿಡಿದ ಕೈ ಯಾರದೆಂಬುದನ್ನೂ ಕೇಳತಕ್ಕದ್ದೆಂದು ಅಲ್ಲಿ ಸೂಚನೆಯಿದೆ.

ಪ್ರಾಣಿಗಳ ಮುಖಾಂತರ ಮನುಷ್ಯರ ಕಪಟವನ್ನು ತೋರಿಸುವ ಈ ಕಥಾಮಾರ್ಗವು ಕನ್ನಡಕ್ಕೆ ಬಂದುದೂ ಬಾದಾಮಿಯ ನೆರೆಯಿಂದಲೇ. ಪಟ್ಟದಕಲ್ಲನ್ನು ಮುಖ್ಯಸ್ಥಾನವಾಗಿ ಉಳ್ಳ ಕಿಸುಕಾಡು ನಾಡಿನ ಸಯ್ಯಡಿಯ ಅಗ್ರಹಾರದವನಾದ ದುರ್ಗಸಿಂಹನು ಚಾಲುಕ್ಯ ಜಯಸಿಂಹನ ಸಂಧಿವಿಗ್ರಹಿಯಾಗಿದ್ದನು. 1031ರ ಸುಮಾರಿಗೆ ಅವನು 'ಪಂಚತಂತ್ರ'ವನ್ನು ಕನ್ನಡ ಚಂಪುವಿನಲ್ಲಿ ರಚಿಸಿದನು. ರಾಜರ ಸಂಧಿ ವಿಗ್ರಹಗಳನ್ನು ನಡೆಯಿಸುವವನಿಗೆ ಸವಿನುಡಿಯ ಹಿಂದಿನ ಹಲ್ಲು ಎಷ್ಟು ಉದ್ದವಿರುತ್ತದೆಂಬುದು ಪುಸ್ತಕದಿಂದ ತಿಳಿಯಬೇಕಾದ ವಿಷಯವಾಗಿರಲಿಲ್ಲ.

ಬಾದಾಮಿಯ ಗುಡ್ಡದಲ್ಲಿ ಶೈವ, ವೈಷ್ಣವ, ಜೈನ ಗುಹಾಲಯಗಳು ಒಂದೇ ಬಂಡೆಯಲ್ಲಿ ಸಾಲಾಗಿ ಇವೆ; ಮೂರನೆಯ ಗುಹೆಯ ಶಾಸನವು ಕ್ರಿ.ಶ. 578ರದು. ಕಲ್ಲುಗಳು ಕೂಡಿ ಬಾಳಿದಷ್ಟು ಕವಿಗಳು ಕೂಡಿ ಬಾಳಲಿಲ್ಲ. 1112ರಲ್ಲಿ ಮುಳುಗುಂದದ ನಯಸೇನನು 'ಧರ್ಮಾಮೃತ'ದ ಕಥೆಗಳನ್ನು ಬರೆದನು. ಅದೇ ಶತಮಾನದ ಬ್ರಹ್ಮಶಿವನು ಹುಟ್ಟಿದ ಮತವನ್ನು ಬಿಟ್ಟು ಜೈನನಾಗಿ 'ಸಮಯಪರೀಕ್ಷೆ'ಯಲ್ಲಿ ಅನ್ಯಮತಗಳೆಲ್ಲವನ್ನೂ ಹಾಸ್ಯಾಸ್ಪದವಾಗಿ ಚಿತ್ರಿಸಿದನು. ಅಂದಿನ ಜನರ ನಂಬಿಕೆ ನಡವಳಿಕೆಗಳನ್ನು ತಿಳಿಯುವದಕ್ಕೆ ಬ್ರಹ್ಮಶಿವನ ಗ್ರಂಥವು ಭಂಡಾರವೇ ಸರಿ. ಆದರೆ ಪರೀಕ್ಷೆಯಲ್ಲಿ ಪರೀಕ್ಷಕನ ಮತವೊಂದೇ ಉತ್ತೀರ್ಣವಾಗುವದು ಮೊದಲೇ ಗೊತ್ತಿದ್ದರೆ ಓದುಗನ ನಗೆಯು ಅರ್ಧಕ್ಕೇ ನಿಲ್ಲುತ್ತದೆ. ವೀರಶೈವ ಪುರಾಣಕಾರರಲ್ಲಿಯೂ ಪರವಾದಿಗಳನ್ನು ಇದೇ ರೀತಿಯಾಗಿ ನಡೆಯಿಸಿಕೊಂಡವರಿದ್ದಾರೆ. ಅದನ್ನು ಮರೆಮಾಚುವದರಿಂದ ಪ್ರಯೋಜನವಿಲ್ಲ.

ಇವೆರಡಕ್ಕೂ ಭಿನ್ನವಾದ ದಾರಿಯೊಂದು ಹುನಗುಂದ ತಾಲೂಕಿನಲ್ಲಿಯೇ, ಕೃಷ್ಣಾ ಮಲಾಪಹಾರಿಗಳು ಕೂಡುವ ಕೂಡಲಸಂಗಮದಲ್ಲಿ ಬೆಳೆದವನಿಂದ ಹೊರಟಿತು. ಉಪನಯನದ ಆಡಂಬರವನ್ನು ಒಲ್ಲೆನೆಂದು ಬಂದ ಬಸವಣ್ಣನವರ ವಚನಗಳಲ್ಲಿ ಎಷ್ಟೋ ಸಣ್ಣ ಸಣ್ಣ ಕಥೆಗಳೇ ಅಡಗಿವೆ. ಕಲ್ಲಿನ ನಾಗನಿಗೆ ಹಾಲೆರೆದು ದಿಟದ ನಾಗನನ್ನು ಕೊಲ್ಲಹೊರಟವನ ಚಿತ್ರವನ್ನು ಕನ್ನಡ ನಾಡಿನಲ್ಲಿ ಅರಿಯದವರಾರು? ಉಣಲಾರದ ಲಿಂಗಕ್ಕೆ ನೈವೇದ್ಯ, ಉಣ್ಣುವ ಜಂಗಮನಿಗೆ ಮುಚ್ಚಿದ ಬಾಗಿಲು ಎಂಬುದೂ ಅದರಲ್ಲಿಯೇ ಬರುತ್ತದೆ. ಫ. ಗು. ಹಳಕಟ್ಟಿಯವರು ವಿಜಾಪುರದಲ್ಲಿದ್ದು 1923ರಲ್ಲಿ 'ವಚನಶಾಸ್ತ್ರಸಾರ'ವನ್ನು ಹೊರಡಿಸಿದ ಮೇಲೆ ಈ ಮಾತುಗಳು ಮನೆಮನೆಯನ್ನು ಸೇರಿದವು. ಬಸವಜಯಂತಿಯ ಪ್ರತಿಯೊಂದು ವ್ಯಾಸಪೀಠದಿಂದ ಕೇಳಿಬರತೊಡಗಿದವು. ಹೇಳುವವರೆಲ್ಲರೂ ಪರರಿಗೆ ಹೇಳಿದರು.

ಆದರೆ ಶರಣ ಪರಂಪರೆಯು ಅಲ್ಲಿಗೇ ನಿಲ್ಲಲಿಲ್ಲ. ಬಸವಣ್ಣನವರ ಕಾಲಕ್ಕೆ ಶತಮಾನಗಳ ತರುವಾಯ ಶಿವಗಣಪ್ರಸಾದಿ ಮಹಾದೇವಯ್ಯನು ಮೊದಲು ಮಾಡಿ ಗೂಳೂರ ಸಿದ್ಧವೀರಣ್ಣೊಡೆಯನವರೆಗೆ ನಾಲ್ವರು ಬೇರೆ ಬೇರೆಯಾಗಿ ಸಂಕಲಿಸಿದ 'ಶೂನ್ಯಸಂಪಾದನೆ'ಯು ವಚನಗಳನ್ನು ಪೋಣಿಸಿ ಕಟ್ಟಿದ ಸಂವಾದರೂಪದ ಕಥನವು. ಅದರಲ್ಲಿ ಅಲ್ಲಮಪ್ರಭುಗಳು ಸಿದ್ಧರಾಮನೊಡನೆ ಕಲ್ಯಾಣಕ್ಕೆ ಬಂದು ಮಹಾಮನೆಯ ಬಾಗಿಲಲ್ಲಿ ನಿಲ್ಲುವ ಪ್ರಸಂಗವಿದೆ. ಒಳಗೆ ಬಸವಣ್ಣನವರು ಲಿಂಗಾರ್ಚನೆಯಲ್ಲಿ ಮಗ್ನರು. ಕರೆದು ತರಲು ಹಡಪದ ಅಪ್ಪಣ್ಣನನ್ನು ಕಳಿಸುತ್ತಾರೆ. ಪ್ರಭುಗಳು ಒಲ್ಲೆನೆನ್ನುತ್ತಾರೆ. ಜಂಗಮವು ಬಾಗಿಲಲ್ಲಿ ನಿಂತಿರುವಾಗ ಒಳಗೆ ನಡೆಯುವ ಪೂಜೆಯು ಯಾರಿಗೆ? ಕರೆಯುವದಕ್ಕೆ ಆಳನ್ನು ಕಳಿಸುವ ಭಕ್ತಿಯು ಎಂಥದು? ಚೆನ್ನಬಸವಣ್ಣನವರು ತಿಳಿಯಹೇಳಿದ ಮೇಲೆ ಬಸವಣ್ಣನವರು ತಾವೇ ಹೊರಗೆ ಬಂದು ಕಾಲಿಗೆರಗುತ್ತಾರೆ.

ಈ ಪ್ರಸಂಗದ ಧೈರ್ಯವನ್ನು ಸಾವಧಾನವಾಗಿ ನೋಡಬೇಕು. ಲಿಂಗಕ್ಕೆ ನೀಡಿ ಜಂಗಮನನ್ನು ನೂಕುವವರನ್ನು ನಕ್ಕವರಾರು? ಬಸವಣ್ಣನವರು. ಅವರನ್ನೇ ಅದೇ ಬಾಗಿಲಲ್ಲಿ, ಅದೇ ತಪ್ಪಿನಲ್ಲಿ ಕಥನಕಾರನು ಹಿಡಿದು ನಿಲ್ಲಿಸಿದ್ದಾನೆ. ಬಸವಣ್ಣನವರು ಡಾಂಭಿಕರಾಗಿರಲಿಲ್ಲವೆಂಬುದು ನಿಶ್ಚಯವು. ಅಂಥವರ ಮನೆಯಲ್ಲಿ ಕೂಡ ಪೂಜೆಯು ಬಾಗಿಲನ್ನು ಮರೆಯಿಸಬಲ್ಲದಾದರೆ ಉಳಿದವರ ಪಾಡೇನು ಎಂಬುದು ಅಲ್ಲಿಯ ಅಭಿಪ್ರಾಯವು. ಈ ಗ್ರಂಥವನ್ನು ಬರೆದವರು ಪರಮತದವರಲ್ಲ, ಬಸವದ್ರೋಹಿಗಳಲ್ಲ, ವಿರಕ್ತ ಪರಂಪರೆಯವರು. ಇದನ್ನು ಓಲೆಗರಿಗಳಲ್ಲಿ ನಕಲು ಮಾಡಿ, ಕಟ್ಟಿ, ಪೂಜೆಯ ಜಗಲಿಯ ಮೇಲಿರಿಸಿ ಕಾಯ್ದವು ಮಠಗಳು.

ಯುರೋಪದ ಚರಿತ್ರೆಯಲ್ಲಿ ಇದಕ್ಕೆ ಪ್ರತಿಯಾದ ಉದಾಹರಣೆಯು ಪ್ರಸಿದ್ಧವಿದೆ. ಫ್ರಾನ್ಸಿನ ಮೋಲಿಯೇರನು ಸಾಧುವೇಷದ ವಂಚಕನೊಬ್ಬನು ಗೃಹಸ್ಥನ ಮನೆಯನ್ನು ಹೊಕ್ಕು ಹಾಳುಮಾಡುವ 'ತಾರ್ತೂಫ್' ನಾಟಕವನ್ನು 1664ರಲ್ಲಿ ಹದಿನಾಲ್ಕನೆಯ ಲೂಯಿ ದೊರೆಯ ಮುಂದೆ ಆಡಿಸಿದನು. ಧರ್ಮಾಭಿಮಾನಿಗಳ ಕೋಪದಿಂದ ಅದರ ಬಹಿರಂಗ ಪ್ರಯೋಗಕ್ಕೆ ನಿಷೇಧವು ಬಂದಿತು. 1669ರಲ್ಲಿ ಮಾತ್ರ ಬಿಡುಗಡೆಯಾಯಿತು. ಕೋಪಿಸಿಕೊಂಡವರ ಹೆಸರುಗಳು ಮರೆತುಹೋದವು, ತಾರ್ತೂಫನ ಹೆಸರು ಮಾತ್ರ ಫ್ರೆಂಚ್ ಭಾಷೆಯಲ್ಲಿ ಡಾಂಭಿಕನಿಗೆ ಪರ್ಯಾಯಪದವಾಗಿ ನಿಂತಿದೆ.

ಮುದ್ರಣದ ಯುಗದಲ್ಲಿ ಈ ಕೆಲಸವು ಕಾದಂಬರಿಕಾರರ ಪಾಲಿಗೆ ಬಂದಿತು. ಪೋಲೀಸು ಇಲಾಖೆಯಲ್ಲಿದ್ದ ಗುಲ್ವಾಡಿ ವೆಂಕಟರಾಯರು 1899ರಲ್ಲಿ 'ಇಂದಿರಾಬಾಯಿ'ಯನ್ನು ಪ್ರಕಟಿಸಿ, ತಮ್ಮ ಸ್ವಂತ ಸಾರಸ್ವತ ಸಮಾಜದಲ್ಲಿ ಸಂತರೆಂಬ ಹೆಸರಿನಿಂದ ನಡೆಯುತ್ತಿದ್ದ ವ್ಯವಹಾರವನ್ನೂ ಬಾಲವಿಧವೆಯರ ಗೋಳನ್ನೂ ಬಿಚ್ಚಿಟ್ಟರು. ಬಾಗಲಕೋಟೆಯ ವಕೀಲರಾದ ಕೆರೂರ ವಾಸುದೇವಾಚಾರ್ಯರು (1866–1921) 1908ರಲ್ಲಿ 'ಇಂದಿರೆ'ಯನ್ನು ಬರೆದರು. ಸಣ್ಣ ಕಥೆಗೆ ಕನ್ನಡದಲ್ಲಿ ದಾರಿಮಾಡಿದವರಲ್ಲಿ ಅವರೊಬ್ಬರು. ಷೇಕ್ಸ್‌ಪಿಯರನ ವೆನಿಸ್ಸಿನ ವರ್ತಕನನ್ನು ಅವರು 'ಸುರತ ನಗರದ ಶ್ರೇಷ್ಠಿ'ಯನ್ನಾಗಿ ಮಾಡಿದರು. ಬಡ್ಡಿಯ ಪತ್ರಗಳನ್ನು ದಿನಾಲು ಕೋರ್ಟಿನಲ್ಲಿ ಓದುತ್ತಿದ್ದ ವಕೀಲನು ಶ್ರೇಷ್ಠಿಯನ್ನು ಬಾಗಲಕೋಟೆಯಲ್ಲಿ ಇರಗೊಡದೆ ದೂರದ ಸುರತಿಗೆ ಕಳಿಸಿದುದು ವ್ಯವಹಾರಜ್ಞಾನವೇ ಇರಬೇಕು! ವಿಜಾಪುರ ಜಿಲ್ಲೆಯ ಅಗರಖೇಡದ ಶ್ರೀರಂಗರು ಅಂಥ ದೂರವನ್ನು ಇಟ್ಟುಕೊಳ್ಳಲಿಲ್ಲ. 1930ರಲ್ಲಿ 'ಉದರವೈರಾಗ್ಯ'ವನ್ನು ಬರೆದ ಈ ಸಂಸ್ಕೃತ ಪ್ರಾಧ್ಯಾಪಕರು, 'ಹರಿಜನ್ವಾರ'ದಲ್ಲಿ ಅಸ್ಪೃಶ್ಯತೆಯ ವಿಷಯದಲ್ಲಿ ತಮ್ಮದೇ ಜಾತಿಯ ಒಳಗಿನ ಕಪಟವನ್ನು ರಂಗಕ್ಕೆ ತಂದರು.

ಇವೆಲ್ಲವನ್ನೂ ಮಠಗಳಲ್ಲಿ ಸಂತೋಷದಿಂದ ಓದಬಹುದು, ಪರರ ಮನೆಯವಾದುದರಿಂದ. ಕಷ್ಟವು ಬರುವದು ಗೋಕಾಕ ತಾಲೂಕಿನ ಮಲಾಮರಡಿಯ ಬಸವರಾಜ ಕಟ್ಟೀಮನಿಯವರ (1919–1989) 'ಜರತಾರಿ ಜಗದ್ಗುರು'ವನ್ನು ಕೈಗೆತ್ತಿಕೊಂಡಾಗ. ಕಾವಿಯು ಜರತಾರಿಯಾದ ಕಥೆಯು ಅದು. ಶೀರ್ಷಿಕೆಯಲ್ಲಿಯೇ ತೀರ್ಪು ಮುಗಿದಿದೆ. ಕಟ್ಟೀಮನಿಯವರಲ್ಲಿ ದೋಷವಿಲ್ಲವೆಂದಲ್ಲ. ಅವರ ಲೇಖನಿಯು ಸಿಟ್ಟಿನಲ್ಲಿ ಓಡುತ್ತದೆ. ಮಹೇಂದ್ರವರ್ಮನಂತೆ ನಗುನಗುತ್ತ ಕುಟುಕುವ ತಾಳ್ಮೆಯು ಅದಕ್ಕಿಲ್ಲ. ಒಬ್ಬ ಗುರುವಿನ ಕೊಳೆಯನ್ನು ಕಂಡವನಿಗೆ ಸಾವಿರ ಬಡಹುಡುಗರಿಗೆ ಪ್ರಸಾದನಿಲಯಗಳಲ್ಲಿ ರೊಟ್ಟಿ ಸಿಕ್ಕುದು ಕಾಣದೆ ಹೋಗಬಹುದು. ಬ್ರಿಟಿಷರ ಕಾಲದಲ್ಲಿ, 1906ರಷ್ಟು ಹಿಂದೆಯೇ, ಬಾಗಲಕೋಟೆಯಲ್ಲಿ ವೀರಶೈವ ವಿದ್ಯಾವರ್ಧಕ ಸಂಘವು ಕಟ್ಟಿದ ವಿದ್ಯೆಯ ಕೆಲಸವೂ ಕಾಣದೆ ಹೋಗಬಹುದು. ಹೀಗಿದ್ದರೂ ಬರೆದವನು ಹೊರಗಿನವನಲ್ಲ, ದುರ್ಯೋಧನನ ದೂತನೂ ಅಲ್ಲ. ತನ್ನ ನಾಡಿನ ಮಠದ ಅಂಗಳವನ್ನು ಬಲ್ಲವನು ಆ ಅಂಗಳದ ಕಸವನ್ನು ತೋರಿಸಿದನು. ಮಹಾಮನೆಯ ಬಾಗಿಲಲ್ಲಿ ಬಸವಣ್ಣನವರನ್ನೇ ತಡೆದು ನಿಲ್ಲಿಸಿದ ಗ್ರಂಥವನ್ನು ಜಗಲಿಯ ಮೇಲಿರಿಸಿದ ಮಠಗಳು, ಒಬ್ಬ ಕಲ್ಪಿತ ಜಗದ್ಗುರುವಿನ ಕಥೆಯನ್ನು ಪುಸ್ತಕಭಂಡಾರದ ಕಪಾಟಿನಲ್ಲಿ ಇರಗೊಡದಿದ್ದರೆ ಅದಕ್ಕೆ ಯಾವ ಶಾಸ್ತ್ರದ ಆಧಾರವನ್ನು ಕೊಡುವವು? ಪಲ್ಲಕ್ಕಿ, ಛತ್ರ, ಚಾಮರ, ಬಿರುದಾವಳಿಗಳಿಂದ ನಡೆಯುವ ಮಹೋತ್ಸವಗಳ ದಿನಗಳಲ್ಲಿ ಈ ಪ್ರಶ್ನೆಯನ್ನು ಕೇಳುವದು ಕೆಲವರಿಗೆ ಅಪಶಕುನವಾಗಿ ತೋರೀತು. ಆದರೆ ಕೇಳುವದಕ್ಕೆ ಅದಕ್ಕಿಂತ ತಕ್ಕ ದಿನಗಳೂ ಇರಲಾರವು.

ಕಾದಂಬರಿಕಾರನ ಆಕ್ಷೇಪಣೆಗೆ ಲೇಖನದಿಂದ ಉತ್ತರ ಬರೆದವರು ಅನೇಕರಿರಬಹುದು. ಬೇರೊಂದು ಬಗೆಯ ಉತ್ತರವು ಇಳಕಲ್ಲಿನಿಂದ ಬಂದಿತು. ಅಲ್ಲಿಯ ಶ್ರೀ ವಿಜಯಮಹಾಂತೇಶ್ವರ ಸಂಸ್ಥಾನಮಠದ ಡಾ. ಮಹಾಂತ ಶಿವಯೋಗಿಗಳು 1975ರಲ್ಲಿ 'ಮಹಾಂತ ಜೋಳಿಗೆ'ಯನ್ನು ಹೆಗಲಿಗೇರಿಸಿಕೊಂಡು ಹೊರಟರು. ಜಂಗಮನ ಜೋಳಿಗೆಗೆ ಜೋಳವನ್ನೂ ಕಾಣಿಕೆಯನ್ನೂ ನೀಡುವದು ರೂಢಿ. ಇವರು ಬೇಡಿದ್ದು ಅದನ್ನಲ್ಲ; ಕುಡಿತ, ತಂಬಾಕು ಮೊದಲಾದ ದುಶ್ಚಟಗಳನ್ನು ಅದರಲ್ಲಿ ಹಾಕಿಬಿಡಿರೆಂದು ಊರೂರಿನ ಓಣಿಗಳಲ್ಲಿ ನಿಂತು ಬೇಡಿದರು. ಕಾಂಚಿಯ ಬೀದಿಯಲ್ಲಿ ಸತ್ಯಸೋಮನ ಭಿಕ್ಷಾಪಾತ್ರೆಯೇ ಹೆಂಡದ ಬಟ್ಟಲಾಗಿದ್ದಿತು. ಇಲ್ಲಿ ಹೆಂಡವೇ ಭಿಕ್ಷೆಯಾಗಿ ಜೋಳಿಗೆಗೆ ಬಿದ್ದಿತು. ಶಿವಯೋಗಿಗಳು 2018ರಲ್ಲಿ ಲಿಂಗೈಕ್ಯರಾದರು. ಅವರ ಜನ್ಮದಿನವಾದ ಆಗಸ್ಟ್ 1ನೆಯ ತಾರೀಖನ್ನು ಕರ್ನಾಟಕ ಸರ್ಕಾರವು ವ್ಯಸನಮುಕ್ತ ದಿನವೆಂದು ಗೊತ್ತುಪಡಿಸಿದೆ.